ಗುಂಡ್ಲುಪೇಟೆಗೆ ಯಾವ ಟೀಮು?

2023ರ ಮಾರ್ಚ್ 4, ಶನಿವಾರ, ಬೆಳಗಿನ ಜಾವ ಐದೂವರೆ. ಮೈಸೂರಿನ ಮೊದಲ ಬಸ್ಸು ಹಿಡಿಯಲು ಗುಂಡ್ಲುಪೇಟೆಗೆ ಬಂದಿದ್ದೆ. ಹೆದ್ದಾರಿ ಬದಿಯ ಟೀ ಅಂಗಡಿ ಮುಂದೆ ಹಳದಿ ಅಂಗಿ ತೊಟ್ಟ ಮೂವತ್ತು ನಲವತ್ತು ಹುಡುಗರು. ಕೆಲವರು ಕಲ್ಲುಚಪ್ಪಡಿಯ ಮೇಲೆ ಕೂತಿದ್ದರು, ಕೆಲವರು ಬಸ್ಸಿನ ಮೆಟ್ಟಿಲಿಗೇ ಒರಗಿ ನಿದ್ದೆ ಹೋಗಿದ್ದರು. ಸಾವಿನ ಮನೆಯಿಂದ ಬಂದವರ ಮುಖ.

ಹಿಂದಿನ ರಾತ್ರಿ ಬೆಂಗಳೂರಿನ ಕಂಠೀರವದಲ್ಲಿ ಏನಾಯಿತೆಂದು ಫುಟ್‌ಬಾಲ್ ನೋಡುವವರಿಗೆ ಹೇಳಬೇಕಿಲ್ಲ. ನೋಡದವರಿಗೆ ಎರಡು ಮಾತು: ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೆತ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದ, ರೆಫರಿ ಒಪ್ಪಿದರು, ಬ್ಲಾಸ್ಟರ್ಸ್ ಕೋಚ್ ತನ್ನ ಹುಡುಗರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದ. ಆಮೇಲೆ ಅದಕ್ಕೆ ನಾಲ್ಕು ಕೋಟಿ ದಂಡವೂ ಬಿತ್ತು. ಆ ಪಂದ್ಯ ನೋಡಲು ವಯನಾಡಿನಿಂದ ಬಸ್ಸು ಮಾಡಿಕೊಂಡು ಹೋಗಿದ್ದವರು ಇವರು. ವಾಪಸ್ ಬರುವಾಗ ಬಂಡೀಪುರದ ದಾರಿ ಮುಚ್ಚಿತ್ತು. 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಆ ಕಾಡಿನೊಳಗೆ ಆಂಬುಲೆನ್ಸು, ಬೆರಳೆಣಿಕೆಯ ಸರ್ಕಾರಿ ಬಸ್ಸು ಬಿಟ್ಟರೆ ಬೇರೆ ಗಾಡಿ ಹೋಗುವಂತಿಲ್ಲ. (ಈ ನಿಷೇಧದ ಬಗ್ಗೆ ನನಗೆ ತಕರಾರಿಲ್ಲ. ಆ ಕಾಡಿನಲ್ಲಿ ಆನೆಯೇ ಹೋಮ್ ಟೀಮು, ನಾವೆಲ್ಲ ಬಂದು ಹೋಗುವವರು.) ಹಾಗಾಗಿ ಗೇಟು ತೆಗೆಯುವುದನ್ನು ಕಾಯುತ್ತಾ ನಮ್ಮೂರಿನ ಚಳಿಯಲ್ಲಿ ಟೀ ಕುಡಿಯುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದವನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವರಪ್ಪ ಬೇಗೂರಿನ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕಿದ್ದರಂತೆ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಸಮಾಧಾನಕ್ಕೆಂದು, "ಸೋತ್ರಲ್ಲಾ" ಎಂದೆ. ಅವನು ಅದನ್ನು ಕೈಯಲ್ಲೇ ತಳ್ಳಿಹಾಕಿ ಕೇಳಿದ:

"ಇವತ್ತು ನಿಮ್ದು ಫೈನಲ್ ಅಲ್ವಾ?"

"ಯಾವ ಫೈನಲ್?"

"ಸಂತೋಷ್ ಟ್ರೋಫಿ. ಕರ್ನಾಟಕ, ಮೇಘಾಲಯ. ರಿಯಾದ್‌ನಲ್ಲಿ."

ನನಗೆ ಗೊತ್ತಿರಲಿಲ್ಲ. ಮುಚ್ಚಿಟ್ಟುಕೊಳ್ಳಲು ಸ್ವಲ್ಪ ನಕ್ಕೆ. ಅವನು ಬಿಡಲಿಲ್ಲ. ಹೋದ ವರ್ಷ ಮಂಜೇರಿಯ ಸೆಮಿಫೈನಲ್‌ನಲ್ಲಿ ನಿಮ್ಮನ್ನು 7-3ಕ್ಕೆ ಸೋಲಿಸಿದ್ದೆವು, ನಾನು ಅಲ್ಲೇ ಇದ್ದೆ, ಆದರೂ ನಿಮ್ಮವರು ಕೊನೆಯವರೆಗೂ ಓಡುವುದನ್ನು ಬಿಡಲಿಲ್ಲ, ಈ ಸಲ ಗೆಲ್ಲುತ್ತೀರಿ ಎಂದ. ಆಮೇಲೆ ಲೋಟ ಇಡುತ್ತಾ, ತೀರಾ ಸಹಜವಾಗಿ, ಊರಿನ ಸಂತೆ ಯಾವ ದಿನ ಎಂದು ಕೇಳುವ ಹಾಗೆ ಕೇಳಿದ: "ಗುಂಡ್ಲುಪೇಟೆಗೆ ಯಾವ ಟೀಮು?"

ಆರು ಗಂಟೆಯಾಯಿತು. ಬಸ್ಸು ಹೊರಟಿತು. ಅವನಿಗೆ ಉತ್ತರ ಕೊಡಬೇಕಾಗಿ ಬರಲಿಲ್ಲ.

ಅವತ್ತು ರಾತ್ರಿ ಕರ್ನಾಟಕ 3-2ರಲ್ಲಿ ಗೆದ್ದಿತು. ಮೈಸೂರು ರಾಜ್ಯ ಎಂಬ ಹೆಸರಿದ್ದ 1968-69ರ ನಂತರ, 54 ವರ್ಷ ಕಳೆದ ಮೇಲೆ ಬಂದ ಕಪ್ಪು ಅದು. ಮಾರನೆಯ ದಿನ ನನ್ನ ಫೋನಿನ ಎಲ್ಲ ಗುಂಪುಗಳಲ್ಲೂ ಛೆತ್ರಿಯ ಫ್ರೀ ಕಿಕ್ ಸರಿಯೋ ತಪ್ಪೋ ಎಂಬ ಜಗಳವೇ ನಡೆದಿತ್ತು. ರಿಯಾದಿನ ಗೆಲುವಿನ ಬಗ್ಗೆ ಒಬ್ಬ, ಒಬ್ಬನೇ ಒಬ್ಬ, ಹೆಬ್ಬೆರಳಿನ ಚಿತ್ರ ಹಾಕಿದ್ದ.

ಇದನ್ನು ಬರೆಯುವುದಕ್ಕೆ ಕಾರಣ ಇತ್ತೀಚೆಗೆ ಒಂದು ವಿಚಾರ ಸಂಕಿರಣದಲ್ಲಿ ಕೇಳಿದ ಮಾತು. ಊಟದ ಸಾಲಿನಲ್ಲಿ ಹಿರಿಯರೊಬ್ಬರು, ಬಹಳ ಓದಿಕೊಂಡವರು, "ಕನ್ನಡಿಗರಿಗೆ ಫುಟ್‌ಬಾಲ್ ಸಂಸ್ಕೃತಿ ಅಂತ ಇಲ್ಲಪ್ಪ. ಅದು ಮಲಯಾಳಿಗಳದ್ದು, ಬಂಗಾಳಿಗಳದ್ದು" ಎಂದರು. ಸುತ್ತ ನಿಂತವರು ತಲೆಯಾಡಿಸಿದರು. ನಾನೂ ಆಡಿಸಿದೆನೇನೋ, ಕೈಯಲ್ಲಿ ತಟ್ಟೆಯಿತ್ತು. ಈ 'ಸಂಸ್ಕೃತಿ ಇಲ್ಲ' ಎಂಬ ಮಾತಿನಷ್ಟು ಸೋಮಾರಿ ಮಾತು ನಮ್ಮ ಬೌದ್ಧಿಕ ವಲಯದಲ್ಲಿ ಇನ್ನೊಂದಿಲ್ಲ. ಯಾವುದನ್ನು ವಿಚಾರಿಸಲು ಮನಸ್ಸಿಲ್ಲವೋ ಅದಕ್ಕೆಲ್ಲ ಸಂಸ್ಕೃತಿಯ ಬೀಗ ಜಡಿದು ಹೋಗುವುದು.

ವಿಚಾರಿಸೋಣ. ಬ್ರಿಟಿಷ್ ರೆಜಿಮೆಂಟುಗಳ ಕೈಯಲ್ಲೇ ಓಡಾಡುತ್ತಿದ್ದ ಮುಂಬೈನ ರೋವರ್ಸ್ ಕಪ್ಪನ್ನು 1937ರಲ್ಲಿ, ಮತ್ತೆ 1938ರಲ್ಲಿ ಗೆದ್ದುಕೊಂಡು ಬಂದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲಿನ ಮೊದಲ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್, 1948ರ ಲಂಡನ್‌ನಲ್ಲಿ, ಫ್ರಾನ್ಸ್ ವಿರುದ್ಧ. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಇಲ್ಲಿಯವರೇ, ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲಿನ ಪಂಚ ಪಾಂಡವರಲ್ಲೊಬ್ಬರು. ಭಾರತ ನಾಲ್ಕನೇ ಸ್ಥಾನಕ್ಕೆ ಬಂದ 1956ರ ಮೆಲ್ಬರ್ನ್ ತಂಡದಲ್ಲಿ ಕೆಂಪಯ್ಯ ಇದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತ್ತು.

ಹಾಗಾದರೆ ಇಲ್ಲ ಎನ್ನುವುದು ಯಾವುದು? ನಿಜ ಹೇಳಬೇಕೆಂದರೆ, ಇದು ಇದ್ದದ್ದು ಆಸ್ಟಿನ್ ಟೌನಿನಲ್ಲಿ, ಗೌತಮಪುರದಲ್ಲಿ, ದಂಡು ಪ್ರದೇಶದ ಗಲ್ಲಿಗಳಲ್ಲಿ. ಆಡಿದವರ ಮನೆಮಾತು ತಮಿಳು, ಉರ್ದು, ತೆಲುಗು. ಅಪ್ಪಂದಿರು ಕಾರ್ಖಾನೆಯಲ್ಲೋ ಸೈನ್ಯದ ಅಡುಗೆಮನೆಯಲ್ಲೋ ದುಡಿಯುತ್ತಿದ್ದವರು. ನಾನು ಓದಿದ ಮಟ್ಟಿಗೆ ನಮ್ಮ ಪ್ರಬಂಧಕಾರರು ಬೆಂಗಳೂರಿನ ಬಸವನಗುಡಿ, ಗಾಂಧಿಬಜಾರುಗಳನ್ನು ಅಕ್ಕರೆಯಿಂದ ಬರೆದರು, ಎಂ.ಜಿ. ರಸ್ತೆಯ ಆಚೆಗೆ ಅಪರೂಪಕ್ಕೆ ದಾಟಿದರು. ದಾಟದೆ ಇದ್ದುದನ್ನು 'ನಮ್ಮಲ್ಲಿಲ್ಲ' ಎಂದರು. ಕನ್ನಡಿಗರಿಗೆ ಫುಟ್‌ಬಾಲ್ ಇಲ್ಲ ಎನ್ನುವ ಮಾತಿನಲ್ಲಿ ಫುಟ್‌ಬಾಲಿಗಿಂತ ಹೆಚ್ಚು 'ಕನ್ನಡಿಗ' ಎಂಬ ಪದ ಸಣ್ಣದಾಗಿದೆ.

ಆದರೆ ಶುಂಠಿ ಬೆಳೆಗಾರನ ಮಗ ಕೇಳಿದ ಪ್ರಶ್ನೆಗೆ ಇದು ಉತ್ತರವಲ್ಲ. ಅವನು ಕೇಳಿದ್ದು ಬೆಂಗಳೂರಿಗೆ ಯಾವ ಟೀಮು ಎಂದಲ್ಲ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನಷ್ಟೇ ಬೈದ ಹಾಗಾಗುತ್ತದೆ. ಪಿಜಿ ಹಾಸ್ಟೆಲಿನಲ್ಲಿ ಐದು ವರ್ಷ ನಾನು ಬಾರ್ಸಿಲೋನಾ ಅಭಿಮಾನಿ. ಮಧ್ಯರಾತ್ರಿ ಹನ್ನೆರಡೂವರೆಗೆ ಎದ್ದು, ಪಕ್ಕದ ರೂಮಿನವನ ಡೇಟಾ ಬೇಡಿ, ಕಂಬಳಿಯೊಳಗೆ ಫೋನು ಹಿಡಿದು 'ನಾವು' ಗೆದ್ದೆವು, 'ನಮ್ಮ' ಡಿಫೆನ್ಸು ಸರಿಯಿಲ್ಲ ಎಂದೆಲ್ಲ ಮಾತಾಡುತ್ತಿದ್ದವನು. ನೂರೈವತ್ತು ರೂಪಾಯಿಯ ಜೆರ್ಸಿ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ನಮ್ಮವ್ವನ ಸೀರೆಯನ್ನೂ ಕೆಡಿಸಿತ್ತು. ಅಲ್ಲಿನ ಅಭಿಮಾನಿಗಳ 'ಅವೇ ಡೇ' ವಿಡಿಯೋಗಳನ್ನು ನೋಡುವುದೊಂದು ಚಟ. ತಮ್ಮ ತಂಡ ಬೇರೆ ಊರಿನಲ್ಲಿ ಆಡುವಾಗ ರೈಲು ಹಿಡಿದು ಹಿಂದೆ ಹೋಗುವುದು, ಮಳೆಯಲ್ಲಿ ಎದುರಾಳಿಯ ಮೈದಾನದ ಮೂಲೆಯಲ್ಲಿ ನಿಂತು ಹಾಡುವುದು, ಸೋತು ವಾಪಸಾಗುವುದು. ದೊಡ್ಡ ಕ್ಲಬ್ಬುಗಳದ್ದಲ್ಲ, ನಾಲ್ಕನೇ ಐದನೇ ದರ್ಜೆಯ ಲೀಗಿನವರದ್ದೇ ಚೆಂದ. ಇನ್ನೂರು ಜನ, ತಗಡಿನ ಸೂರು, ಗೋಲ್‌ಪೋಸ್ಟಿನ ಹಿಂದೆ ಯಾರದೋ ಹಿತ್ತಿಲು. ಅವರನ್ನು ನೋಡಿ ಅಸೂಯೆಪಟ್ಟಿದ್ದೇನೆ. ನನ್ನ ಜಿಲ್ಲೆಯಿಂದ ಅಂಥದ್ದೊಂದು ಪ್ರಯಾಣ ಯಾಕಿಲ್ಲ ಎಂದು ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ವಿಚಿತ್ರವೆಂದರೆ ನನ್ನ ಸಂಶೋಧನೆಯ ವಿಷಯವೇ ಪ್ರಯಾಣ. ಮಾದಪ್ಪನ ಬೆಟ್ಟಕ್ಕೆ ಪರಸೆ ಹೋಗುವವರನ್ನು ಕುರಿತು ಪಿಎಚ್.ಡಿ. ಮಾಡುತ್ತಿದ್ದೇನೆ. ಶಿವರಾತ್ರಿಗೆ ಕನಕಪುರದ ಕಡೆಯಿಂದ ಕಾಡಿನೊಳಗೆ ನಡೆದು, ಕಾವೇರಿ ದಾಟಿ ಬರುವವರ ಜತೆ ನಾನೂ ನಡೆದಿದ್ದೇನೆ. ಅಂಗಾಲು ಬೊಬ್ಬೆ ಎದ್ದವರು, ಮಗು ಹೊತ್ತವರು, ಸಾಲ ಮಾಡಿ ಬಂದವರು. ಒಬ್ಬ 'ಉಘೇ' ಎಂದರೆ ಹಿಂದಿನ ಸಾಲೆಲ್ಲ 'ಉಘೇ' ಎನ್ನುತ್ತದೆ. ಸುಸ್ತಾದವನ ಕಾಲು ಆ ಕೂಗಿಗೆ ಮತ್ತೆ ಎದ್ದು ನಡೆಯುತ್ತದೆ. ಮಾದಪ್ಪ ದೇವರು, ಫುಟ್‌ಬಾಲ್ ಆಟ, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ನನ್ನ ಮಾತು ಇಷ್ಟೇ: ಗುಂಪಾಗಿ ಹೊರಡುವುದು, ದಾರಿಯಲ್ಲಿ ಅನ್ನ ಹಂಚಿಕೊಳ್ಳುವುದು, ದೂರವನ್ನೇ ಪ್ರೀತಿಯ ಅಳತೆ ಮಾಡಿಕೊಳ್ಳುವುದು ಈ ಸೀಮೆಯ ಜನಕ್ಕೆ ಹೊರಗಿನಿಂದ ಕಲಿಸಬೇಕಾದ ವಿದ್ಯೆಯಲ್ಲ. ಅದನ್ನು 'ಯುರೋಪಿನ ಫ್ಯಾನ್ ಕಲ್ಚರ್' ಎನ್ನುವವರು ಒಮ್ಮೆ ಹನೂರಿನ ರಸ್ತೆಯಲ್ಲಿ ನಿಲ್ಲಲಿ.

ಹೀಗಿರುವಾಗ ಹೋದ ವರ್ಷ ನಾವು ನಾಲ್ವರು ಒಂದು 'ಅವೇ ಡೇ' ಮಾಡಿದೆವು. ನಮ್ಮ ಪಕ್ಕದೂರಿನ ಹುಡುಗನೊಬ್ಬ ಬೆಂಗಳೂರಿನ ಲೀಗಿನ ಕೆಳಗಿನ ಡಿವಿಜನ್ನಿನ ಒಂದು ಕ್ಲಬ್ಬಿಗೆ ಆಡುತ್ತಾನೆ. ತೆರಕಣಾಂಬಿ ಕಡೆಯ ಹೊಲದಲ್ಲಿ, ಚೆಂಡು ಹೂ ಕಿತ್ತಾದ ಮೇಲಿನ ಬಯಲಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು. (ನಮ್ಮ ತಾಲ್ಲೂಕಿನಲ್ಲಿ ಚೆಂಡು ಎಂದರೆ ಮೊದಲು ನೆನಪಾಗುವುದು ಹೂವು. ಜೂನ್ ಜುಲೈನಲ್ಲಿ ಅದರ ನಡುವೆ ನಿಂತು ಫೋಟೋ ತೆಗೆಸಿಕೊಳ್ಳಲು ಕೇರಳದಿಂದ ಕಾರುಗಳ ಸಾಲೇ ಬರುತ್ತದೆ.) ಬೆಳಗ್ಗೆ ಮನೆಮನೆಗೆ ಊಟ ಸಾಮಾನು ತಲುಪಿಸುವ ಕೆಲಸ, ಮಧ್ಯಾಹ್ನ ಪ್ರಾಕ್ಟೀಸು. ಅವನ ಮ್ಯಾಚು ಮಂಗಳವಾರ ಮಧ್ಯಾಹ್ನ ಮೂರಕ್ಕೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ.

ಹೊರಡುವಾಗ ನಮ್ಮ ಮಾವ ಬಾಗಿಲಲ್ಲೇ ತಡೆದರು. "ಅಲ್ಲ ಕಣ್ಲಾ, ಚೆಂಡಾಟ ನೋಡಕ್ಕ ಬೆಂಗ್ಳೂರ್ಗ ಹೋದಿಯಾ? ಫೋನ್ಲೇ ಬರಕಿಲ್ವಾ?" ಬರುವುದಿಲ್ಲ ಎಂದೆ. "ಫೋನ್ಲೇ ಬರ್ದೇ ಇರಾ ಮ್ಯಾಚ್ನ ಅಷ್ಟ್ ದೂರ ಹೋಗಿ ನೋಡಂಥದ್ದೇನಿದ್ದದು?" ಎಂದರು. ಅವರ ತರ್ಕ ತಪ್ಪಿಲ್ಲ. ಕಾಲ ಹಾಗಿದೆ.

ಗುಂಡ್ಲುಪೇಟೆಯಿಂದ ಮೈಸೂರು 60 ಕಿಲೋಮೀಟರು, ಅಲ್ಲಿಂದ ಬೆಂಗಳೂರು ಇನ್ನೊಂದು 145. ಇದೇ ಗುಂಡ್ಲುಪೇಟೆಯಿಂದ ಕಾಡು ದಾಟಿ ಇಳಿದರೆ ಕೋಳಿಕ್ಕೋಡು ಅದಕ್ಕಿಂತ ಹತ್ತಿರ. ಆರು ಗಂಟೆಗೆ ಬಿಟ್ಟವರು ಬಸ್ಸು, ರೈಲು, ಮೆಟ್ರೋ ಹತ್ತಿ ಇಳಿದು ಎಂ.ಜಿ. ರಸ್ತೆಯಿಂದ ನಡೆದು, ಗರುಡಾ ಮಾಲಿನ ಆಸುಪಾಸಿನ ಹೋಟೆಲುಗಳ ದರಪಟ್ಟಿ ಓದಿಯೇ ಹೊಟ್ಟೆ ತುಂಬಿಸಿಕೊಂಡು, ಎರಡೂ ಮುಕ್ಕಾಲಿಗೆ ಗೇಟಿನೊಳಗೆ ಹೋದೆವು. ನಮ್ಮವ್ವ ಕಟ್ಟಿಕೊಟ್ಟಿದ್ದ ಚಿತ್ರಾನ್ನವನ್ನು ಸ್ಟ್ಯಾಂಡಿನಲ್ಲಿ ಬಿಚ್ಚಿದೆವು.

ಸಾವಿರಾರು ಜನ ಹಿಡಿಯುವ ಆ ಗ್ಯಾಲರಿಯಲ್ಲಿ ಒಟ್ಟು ಎಷ್ಟು ಜನ? ಎಣಿಸಿದೆವು, ಎಣಿಸಲು ಸಮಯವಿತ್ತು. ನಮ್ಮ ನಾಲ್ವರನ್ನೂ ಸೇರಿಸಿ 43. ಅದರಲ್ಲಿ ಮುಂದಿನ ಪಂದ್ಯಕ್ಕೆ ಕಾಯುತ್ತಿದ್ದ ಆಟಗಾರರೇ ಇಪ್ಪತ್ತು. ನೆರಳಿನಲ್ಲಿ ಮೂರ್ನಾಲ್ಕು ಮುದುಕರು. ಅವರಲ್ಲೊಬ್ಬರು ಆಸ್ಟಿನ್ ಟೌನಿನವರು, ಎಪ್ಪತ್ತು ದಾಟಿದವರು, ನಮ್ಮ ಚಿತ್ರಾನ್ನದಲ್ಲಿ ಪಾಲು ತೆಗೆದುಕೊಂಡು ವಿಚಾರಿಸಿದರು: ಎಲ್ಲಿಂದ ಬಂದಿರಿ? ಚಾಮರಾಜನಗರ ಜಿಲ್ಲೆ ಎಂದೆ. "ಆಸ್ಪತ್ರೆಗೆ ಬಂದಿದ್ರಾ?" ಎಂದರು ಕಳಕಳಿಯಿಂದ.

ನಮ್ಮ ಜಿಲ್ಲೆಯವರು ಬೆಂಗಳೂರಿಗೆ ಬರುವುದು ಕಾಯಿಲೆಗೆ, ಕೆಲಸಕ್ಕೆ, ಕಚೇರಿಗೆ. ಮ್ಯಾಚಿಗೆ ಎಂದಾಗ ಆ ಹಿರಿಯರು ನಮ್ಮನ್ನು ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಪಂದ್ಯ ಮುಗಿಯುವವರೆಗೂ ಅವರ ಮಾತು ನಿಲ್ಲಲಿಲ್ಲ. ಯಾರ ಎಡಗಾಲು ಹೇಗಿತ್ತು, ಕಾರ್ಖಾನೆ ತಂಡಗಳ ಪಂದ್ಯಕ್ಕೆ ಪಾಳಿ ಮುಗಿಸಿದ ಕೆಲಸಗಾರರು ಸೈಕಲ್ಲುಗಳಲ್ಲಿ ಹೇಗೆ ನುಗ್ಗುತ್ತಿದ್ದರು, ಎಲ್ಲ. ಗೋಲಾದಾಗ ನೋಡಲಿಲ್ಲ, ಹಳೆಯ ಯಾವುದೋ ಗೋಲಿನ ವಿವರಣೆಯಲ್ಲಿದ್ದರು.

ನಮ್ಮ ಹುಡುಗ ಬೆಂಚಿನಲ್ಲಿದ್ದ. ಎಂಬತ್ತೊಂದನೇ ನಿಮಿಷಕ್ಕೆ ಒಳಗೆ ಬಿಟ್ಟರು. ನಾಲ್ಕು ಸಲ ಚೆಂಡು ಮುಟ್ಟಿದ. ನಾವು ನಾಲ್ವರು ಅವನ ಹೆಸರನ್ನೂ ಊರಿನ ಹೆಸರನ್ನೂ ಕೂಗಿದೆವು. ಖಾಲಿ ಗ್ಯಾಲರಿಯಲ್ಲಿ ಕೂಗು ಎದುರಿನ ಗೋಡೆಗೆ ಬಡಿದು ನಮಗೇ ವಾಪಸ್ ಬರುತ್ತಿತ್ತು. ಅವನು ಒಮ್ಮೆ ತಲೆಯೆತ್ತಿ ನೋಡಿ, ನಾಚಿ, ಮತ್ತೆ ತಲೆಯೆತ್ತಲಿಲ್ಲ. ಮುಗಿದ ಮೇಲೆ ಬಂದು, "ಯಾಕಣ್ಣ ಬರಕ್ಕೋದ್ರಿ, ನಾನು ಆಡ್ತೀನೋ ಇಲ್ವೋ ಗೊತ್ತಿಲ್ದೆ" ಎಂದ. ಎದುರು ತಂಡದ ಒಬ್ಬ ಅಷ್ಟು ದೂರದಿಂದ ನಮ್ಮನ್ನೇ ನೋಡುತ್ತಾ ನಿಂತಿದ್ದ. ಅವನಿಗಾಗಿ ಯಾರೂ ಬಂದಿರಲಿಲ್ಲ.

ಆಗ ಹೊಳೆದದ್ದು ಒಂದು ಸರಳ ಸಂಗತಿ. ಇದು ಯಾರ ಮೈದಾನ? ನಮ್ಮ ಹುಡುಗನ ತಂಡದ್ದಲ್ಲ. ಎದುರಾಳಿಯದ್ದೂ ಅಲ್ಲ. ನಾಳೆ ಇನ್ನೆರಡು ತಂಡ, ನಾಡಿದ್ದು ಮತ್ತೆರಡು, ಹೆಚ್ಚುಕಡಿಮೆ ಎಲ್ಲ ಇಲ್ಲೇ. ಬಹಳ ಕಾಲ ಬಿಡಿಎಫ್‌ಎ ಸೂಪರ್ ಡಿವಿಜನ್ ಎಂದು ಬೆಂಗಳೂರು ಜಿಲ್ಲೆಯ ಹೆಸರಿನಲ್ಲಿದ್ದದ್ದು ಈಗ ಕೆಎಸ್‌ಎಫ್‌ಎ ಸೂಪರ್ ಡಿವಿಜನ್, ಅಂದರೆ ರಾಜ್ಯ ಸಂಸ್ಥೆಯ ಹೆಸರಿನ ಲೀಗು. ರಾಜ್ಯದ ಹೆಸರು ಬಂತು, ರಾಜ್ಯ ಬರಲಿಲ್ಲ. ಕೊಡಗು ಎಫ್‌ಸಿ ಎಂಬ ಹೆಸರಿನ ತಂಡವೂ ಆಡುವುದು ಅಶೋಕನಗರದಲ್ಲೇ. ಒಂದೇ ಮೈದಾನದಲ್ಲಿ ಎಲ್ಲರೂ ಆಡುವ ಲೀಗಿನಲ್ಲಿ ಯಾರಿಗೂ ಹೋಮ್ ಇಲ್ಲ, ಹಾಗಾಗಿ ಯಾರಿಗೂ ಅವೇ ಇಲ್ಲ. ಎಲ್ಲರೂ ಛತ್ರ ಬಾಡಿಗೆಗೆ ಹಿಡಿದು ಮದುವೆ ಮಾಡಿಕೊಂಡು ಹೋಗುವವರು. ಛತ್ರದ ಬಗ್ಗೆ ಯಾರಾದರೂ ಅಭಿಮಾನ ಬೆಳೆಸಿಕೊಳ್ಳುತ್ತಾರೆಯೇ?

ನನ್ನ ವಾದ ಇದು, ಇಷ್ಟೇ. ಅಭಿಮಾನಿ ಇಲ್ಲ, ಅದಕ್ಕೇ ಜಿಲ್ಲೆಗಳಿಗೆ ಲೀಗು ಹೋಗುವುದಿಲ್ಲ ಎನ್ನುತ್ತಾರೆ. ತಿರುಗಿಸಿ ಹೇಳಬೇಕು. ಲೀಗು ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಹೋಗುವುದಿಲ್ಲ, ಅದಕ್ಕೇ ಅಭಿಮಾನಿ ಹುಟ್ಟುವುದಿಲ್ಲ. ಇದನ್ನು ನಾನು ಕನಸಿನಿಂದ ಹೇಳುತ್ತಿಲ್ಲ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಸೀಸನ್ ಆಡಿದ್ದು ಇದೇ ಅಶೋಕನಗರದಲ್ಲಿ. ಆದರೆ ಆ ಲೀಗು ದೇಶದ್ದು, ಗೋವಾಕ್ಕೋ ಕೋಲ್ಕತ್ತಕ್ಕೋ ಹೋಗಿ ಆಡಬೇಕು, ಅಲ್ಲಿಯವರು ಇಲ್ಲಿಗೆ ಬರಬೇಕು. ಬರುವ ಹೋಗುವ ವ್ಯವಹಾರ ಶುರುವಾದದ್ದೇ ತಡ, ಮೊದಲ ವರ್ಷವೇ ವೆಸ್ಟ್ ಬ್ಲಾಕ್ ಹುಟ್ಟಿತು, ಡ್ರಮ್ಮು ಬಂತು, ಕನ್ನಡದ ಕೂಗು ಬಂತು. 2014ರ ಏಪ್ರಿಲ್‌ನಲ್ಲಿ ಫತೋರ್ಡಾದಲ್ಲಿ ಡೆಂಪೊವನ್ನು ಸೋಲಿಸಿ ಐ-ಲೀಗ್ ಗೆದ್ದರು. ಅದೇ ನಗರ, ಅದೇ ಗ್ಯಾಲರಿ, ಅದೇ 'ಫುಟ್‌ಬಾಲ್ ಸಂಸ್ಕೃತಿ ಇಲ್ಲದ' ಜನ.

ಕೇರಳದವರು 2024ರಲ್ಲಿ ಸೂಪರ್ ಲೀಗ್ ಕೇರಳ ಶುರುಮಾಡಿದಾಗ ಆರು ತಂಡಗಳಿಗೂ ಆರು ಊರಿನ ಹೆಸರಿಟ್ಟರು. ತಿರುವನಂತಪುರ, ಕೊಚ್ಚಿ, ತ್ರಿಶೂರು, ಮಲಪ್ಪುರಂ, ಕೋಳಿಕ್ಕೋಡು, ಕಣ್ಣೂರು. ನಮ್ಮ ಗುಂಡ್ಲುಪೇಟೆಯ ಹಣ್ಣಿನ ವ್ಯಾಪಾರಿಯೊಬ್ಬರು ತರಕಾರಿ ಲಾರಿಯಲ್ಲೇ ಕೂತು ಕೋಳಿಕ್ಕೋಡಿಗೆ ಹೋಗಿ ಮ್ಯಾಚು ನೋಡಿ ಬರುತ್ತಾರೆ. ಚಳಿಗಾಲ ಕಳೆದರೆ ಬತ್ತೇರಿ ಕಡೆಯ ಸೆವೆನ್ಸ್ ಪಂದ್ಯಗಳಿಗೆ ನಮ್ಮ ಹುಡುಗರು ಜೀಪು ಮಾಡಿಕೊಂಡು ಹೋಗುತ್ತಾರೆ. ಆ ಪಂದ್ಯಗಳು ನಡೆಯುವುದೇ ರಾತ್ರಿ, ಮುಗಿಯುವುದರೊಳಗೆ ಕಾಡಿನ ಗೇಟು ಮುಚ್ಚಿರುತ್ತದೆ. ಜೀಪಿನಲ್ಲೇ ಮುದುಡಿ ಮಲಗಿ ಆರು ಗಂಟೆಗೆ ಗೇಟು ತೆಗೆದ ಮೇಲೆ ಬಂದು, ಮುಖ ತೊಳೆದು ಹೊಲಕ್ಕೆ ಹೋಗುತ್ತಾರೆ. ಯಾರದೋ ಊರಿನ ಎರಡು ತಂಡಗಳಿಗಾಗಿ ರಾತ್ರಿಯಿಡೀ ಕಾಡಿನ ಅಂಚಿನಲ್ಲಿ ಕಾಯುವವರಿಗೆ ಫುಟ್‌ಬಾಲ್ ಸಂಸ್ಕೃತಿ ಇಲ್ಲವಂತೆ!

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಖರ್ಚು ಎನ್ನುತ್ತಾರೆ. ಕೆಳದರ್ಜೆಯ ಕ್ಲಬ್ಬುಗಳು ಬೂಟಿಗೇ ಪರದಾಡುತ್ತವೆ, ನಿಜ. ಆದರೆ ಯಾರೂ ಅವರನ್ನು ಬೀದರಿಗೆ ಕಳಿಸಿ ಎಂದು ಕೇಳುತ್ತಿಲ್ಲ. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು, ಹಾಸನ ಒಂದು ಗುಂಪಾದರೆ ಬೆಳಗ್ಗೆ ಹೊರಟು ರಾತ್ರಿ ಮನೆ ಸೇರಬಹುದು. ನಮ್ಮ ಹುಡುಗ ಆ ಒಂಬತ್ತು ನಿಮಿಷಕ್ಕಾಗಿ ಬೆಂಗಳೂರಿನಲ್ಲಿ ರೂಮು ಬಾಡಿಗೆ ಕಟ್ಟುತ್ತಾ ಬದುಕುತ್ತಿರುವುದು ಖರ್ಚಲ್ಲವೇ? ಅದು ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ, ಅಷ್ಟೇ. ಅವರಪ್ಪನ ಪುಸ್ತಕದಲ್ಲಿ ಬರುತ್ತದೆ.

ಮೈದಾನ ಎನ್ನುತ್ತಾರೆ. ಚಾಮರಾಜನಗರದಲ್ಲಿ ಜಿಲ್ಲಾ ಕ್ರೀಡಾಂಗಣವಿದೆ. ಆಗಸ್ಟ್ 15ಕ್ಕೆ ಅಲ್ಲಿ ಬಾವುಟ ಹಾರಿಸಿ ಪೆರೇಡು ಮಾಡುತ್ತಾರೆ. ಉಳಿದ ದಿನ ಬೆಳಗ್ಗೆ ಸಕ್ಕರೆ ಕಾಯಿಲೆಯವರ ವಾಕಿಂಗು, ಸಂಜೆ ಪೊಲೀಸ್ ಕೆಲಸಕ್ಕೆ ತಯಾರಾಗುವ ಹುಡುಗರ ಓಟ. ಕಾಲುಗೆರೆಯ ಹುಲ್ಲು ಸರಿಮಾಡಿ, ಎರಡು ಗೋಲ್‌ಪೋಸ್ಟು ನೆಟ್ಟು, ಒಂದು ಆಂಬುಲೆನ್ಸು ನಿಲ್ಲಿಸಿ ಆಡಿಸಲಾಗದಷ್ಟು ಕೆಟ್ಟ ಜಾಗವೇನಲ್ಲ. ಅಂದಹಾಗೆ, ನಮ್ಮ ಜಿಲ್ಲಾ ಕೇಂದ್ರಕ್ಕೆ ಒಂದು ಹಳೆಯ ಅಪಖ್ಯಾತಿ ಇತ್ತು: ಅಲ್ಲಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂದು ಹಲವರು ಬರುತ್ತಲೇ ಇರಲಿಲ್ಲ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಆ ಮೌಢ್ಯವನ್ನು ಮುರಿದರು, ಒಳ್ಳೆಯದಾಯಿತು. ಆದರೂ ಹೊರಗಿನಿಂದ ಬಂದವರು ಸೋತೇ ಹೋಗುತ್ತಾರೆ ಎಂಬ ನಂಬಿಕೆ ಇರುವ ಊರು! ಹೋಮ್ ಗ್ರೌಂಡಿಗೆ ಇದಕ್ಕಿಂತ ಒಳ್ಳೆಯ ಹೆಸರು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಜನ ಬರುವುದಿಲ್ಲ ಎನ್ನುತ್ತಾರೆ. ಇದಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುಮಾಡಿದರು, ನಮ್ಮ ಚಾಮರಾಜನಗರ ಜಿಲ್ಲೆಯಾದ ಅದೇ ವರ್ಷ. ಪ್ರತಿ ವರ್ಷ ಒಂದೊಂದು ಕುಟುಂಬದ ಆತಿಥ್ಯ, ಮೈದಾನವೂ ಬದಲಾಗುತ್ತಾ ಹೋಗುತ್ತದೆ. ಇವತ್ತು ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ತಂಡಗಳು. ನಾಪೋಕ್ಲಿನಂಥ ಊರಿಗೆ ಯಾರು ಬರುತ್ತಾರೆ ಎಂದು ಅವರು ಕೂತಿದ್ದರೆ? ಅಲ್ಲಿ ಕಟ್ಟಿದ್ದು ಮೊದಲು ಸ್ಟೇಡಿಯಮ್ಮನ್ನಲ್ಲ, ಹೆಸರನ್ನು. ನನ್ನ ಮನೆಹೆಸರು ಆಡುತ್ತಿದೆ ಎಂದರೆ ಅಜ್ಜಿಯೂ ಕೊಡೆ ಹಿಡಿದು ಬರುತ್ತಾಳೆ. ನಮ್ಮ ಸೀಮೆಯಲ್ಲೂ ಹಬ್ಬಕ್ಕೆ ರಾತ್ರಿ ಲೈಟು ಹಾಕಿ ಕಬಡ್ಡಿ ಆಡಿಸಿದರೆ ಟ್ರ್ಯಾಕ್ಟರ್ ತುಂಬ ಜನ ಬರುತ್ತಾರೆ, ಯಾಕೆಂದರೆ ಎದುರಿಗಿರುವುದು ಪಕ್ಕದ ಊರು. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಇನ್ನೂರು ಕಿಲೋಮೀಟರ್ ದೂರದಲ್ಲಿ, ಯಾರ ಊರೂ ಅಲ್ಲದ ಮೈದಾನದಲ್ಲಿ ಆಡಿಸಿ ಆಮೇಲೆ ಜನ ಬರುವುದಿಲ್ಲ ಎನ್ನುವುದು, ಬಾಗಿಲು ಹಾಕಿಕೊಂಡು ನೆಂಟರು ಬರಲಿಲ್ಲ ಎಂದು ಗೊಣಗಿದ ಹಾಗೆ.

ಮೇಲಿನವರಿಗೂ ಇದೇ ರೋಗ. ಸಂತೋಷ್ ಟ್ರೋಫಿಯ 2022ರ ಫೈನಲ್ ಮಂಜೇರಿಯಲ್ಲಿ ನಡೆದಾಗ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರಾಜ್ಯಗಳ ನಡುವಿನ ಪಂದ್ಯಾವಳಿಗೆ ಇನ್ನೂ ಜೀವವಿದೆ ಎಂದು ಒಂದು ಜಿಲ್ಲೆ ತೋರಿಸಿಕೊಟ್ಟಿತ್ತು. ಮರುವರ್ಷ ಸೆಮಿಫೈನಲ್, ಫೈನಲ್‌ಗಳನ್ನು ಸೌದಿ ಅರೇಬಿಯಾಕ್ಕೆ ಹೊತ್ತುಕೊಂಡು ಹೋದರು. ಅಂತರರಾಷ್ಟ್ರೀಯ ಸ್ಟೇಡಿಯಂ, ಹುಡುಗರಿಗೆ ಅನುಭವ ಎಂದೆಲ್ಲ ಹೇಳಿದರು. ಅನುಭವ ಆಗಿರಬಹುದು. ಆದರೆ 54 ವರ್ಷ ಕಾದ ಕಪ್ಪನ್ನು ಎತ್ತುವ ಗಳಿಗೆಯಲ್ಲಿ ಆ ಹುಡುಗರ ಬೀದಿಯವರು, ಅವರಿಗೆ ಮೊದಲ ಬೂಟು ಕೊಡಿಸಿದವರು ಎಲ್ಲಿದ್ದರು? ನಾನು ಎಲ್ಲಿದ್ದೆ ಎಂದು ಹೇಳಬಲ್ಲೆ. ಮೈಸೂರಿನ ರೂಮಿನಲ್ಲಿ, ಫೋನಿನ ಮುಂದೆ. ಅದೂ ಬೆಳಗ್ಗೆ ಒಬ್ಬ ಬ್ಲಾಸ್ಟರ್ಸ್ ಅಭಿಮಾನಿ ನೆನಪಿಸಿದ್ದರಿಂದ.

ಅವತ್ತು ಪಂದ್ಯ ಮುಗಿಸಿ ನಾವು ಊರು ಸೇರಿದಾಗ ರಾತ್ರಿ ಒಂದು ಗಂಟೆ ದಾಟಿತ್ತು. ಮೈಸೂರಿನಿಂದ ಕೊನೆಗೆ ಸಿಕ್ಕಿದ್ದು ಕೋಸು ಇಳಿಸಿ ವಾಪಸ್ ಬರುತ್ತಿದ್ದ ಗೂಡ್ಸ್ ಆಟೋ. ಹಿಂದೆ ಖಾಲಿ ಕ್ರೇಟುಗಳ ನಡುವೆ ಕೂತು, ಚಳಿಗೆ ಹಲ್ಲು ಕಡಿಯುತ್ತಾ, ಅವನು ಮುಟ್ಟಿದ ಆ ನಾಲ್ಕು ಚೆಂಡುಗಳ ಬಗ್ಗೆ ದಾರಿಯುದ್ದಕ್ಕೂ ಮಾತಾಡಿದೆವು. ಮೂರನೆಯದನ್ನು ಎಡಕ್ಕೆ ಕೊಡಬೇಕಿತ್ತು ಎಂದು ಒಬ್ಬ, ಕೊಟ್ಟದ್ದೇ ಸರಿ ಎಂದು ಇನ್ನೊಬ್ಬ. ಬೇಗೂರು ದಾಟುವಾಗ ಜಗಳವೇ ಆಯಿತು. ಬಾರ್ಸಿಲೋನಾಕ್ಕಾಗಿ ನಾನು ಯಾರ ಜತೆಯೂ ಅಷ್ಟು ಹಠದಿಂದ ಜಗಳವಾಡಿದ್ದು ನೆನಪಿಲ್ಲ.

ಮೊನ್ನೆ ಅವನು ಫೋನು ಮಾಡಿದ್ದ. ಗುರುವಾರ ಮ್ಯಾಚಂತೆ, ಮತ್ತೆ ಮೂರು ಗಂಟೆಗೆ, ಮತ್ತೆ ಅಲ್ಲೇ. ಈ ಸಲ ಮೊದಲ ಹನ್ನೊಂದರಲ್ಲಿ ಇರಬಹುದು ಎಂದು ಕೋಚ್ ಹೇಳಿದ್ದಾರಂತೆ. "ಬರಬ್ಯಾಡಿ ಅಣ್ಣ, ಸುಮ್ನ ಹೇಳ್ದಿ" ಎಂದ. ಪಕ್ಕದಲ್ಲೇ ಮಾವ ಕೂತಿದ್ದರು. ಫೋನು ಇಟ್ಟ ಮೇಲೆ, ಕಡ್ಡಿಯಲ್ಲಿ ಹಲ್ಲು ಕೆದಕುತ್ತಾ, "ಎಷ್ಟ್ ಗಂಟ್ಗ ಬಸ್ಸು?" ಎಂದು ಕೇಳಿದರು.